ಮಜ್ಜಿಗೆ ಬಾರದ ಊಟ: ಸ್ಮಾರ್ಟ್‌ಫೋನಿನ ಲೆಕ್ಕಕ್ಕೆ ಸಿಗದ ಖರ್ಚು

ಮಲೆನಾಡಿಗೆ ಮೊಬೈಲ್ ಸಿಗ್ನಲ್ ಸುಮ್ಮನೆ ಬಂದದ್ದಲ್ಲ. ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳು ಟವರಿಗಾಗಿ ಅರ್ಜಿ ಕೊಟ್ಟಿವೆ, ಧರಣಿ ಕೂತಿವೆ, ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂದು ಹೇಳಿವೆ. ಇಷ್ಟಾದರೂ ಸಿಗ್ನಲ್ ಮುಟ್ಟದ ಮನೆಗಳು ಇವತ್ತಿಗೂ ಇವೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಕ್ಕಳು ಮಳೆಯಲ್ಲಿ ಕೊಡೆ ಹಿಡಿದು ಗುಡ್ಡ ಹತ್ತಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಹಾಗಾಗಿ ‘ಫೋನು ಬಿಟ್ಟುಬಿಡಿ, ನೆಮ್ಮದಿಯಾಗಿರಿ’ ಎನ್ನುವ ಪೇಟೆಯ ಉಪದೇಶ ಈ ನೆಲದಲ್ಲಿ ನಿಲ್ಲುವುದಿಲ್ಲ. ದೊಡ್ಡಾಸ್ಪತ್ರೆಗೆ ಗಂಟೆಗಟ್ಟಲೆ ದಾರಿಯಿರುವ ಒಂಟಿಮನೆಗೆ ಫೋನೇ ದಿಕ್ಕು. ಅಡಿಕೆ ಧಾರಣೆ, ಮಳೆಯ ಮುನ್ಸೂಚನೆ, ಪಹಣಿ, ಪಿಂಚಣಿ, ಬೆಂಗಳೂರಿನಲ್ಲಿರುವ ಮಗಳ ಮುಖ, ಎಲ್ಲವೂ ಅದರೊಳಗೇ ಇವೆ.

ಆದ್ದರಿಂದ ಇರಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿ ಅನಗತ್ಯ. ನೋಡಬೇಕಾದ ಭೇದ ಇನ್ನೊಂದಿದೆ. ಕೆಲಸವಿದ್ದಾಗ ನಾವು ಫೋನಿನ ಹತ್ತಿರ ಹೋಗುವುದು ಒಂದು ಬಗೆ. ಫೋನೇ ನಮ್ಮನ್ನು ಕರೆದು ಕೂರಿಸಿಕೊಳ್ಳುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಅದು ಕತ್ತಿ, ಹಾರೆ, ಪಂಪ್‌ಸೆಟ್ಟಿನ ಹಾಗೆ: ಕೆಲಸ ಮುಗಿದ ಮೇಲೆ ಮೂಲೆ ಸೇರುತ್ತದೆ. ಎರಡನೆಯದರಲ್ಲಿ ಮಾರಾಟವಾಗುವ ಸರಕು ನಮ್ಮ ಗಮನ. ಧಾರಣೆ ನೋಡಲೆಂದು ಫೋನು ತೆಗೆದು, ಮುಕ್ಕಾಲು ಗಂಟೆಯ ನಂತರ ಧಾರಣೆಯನ್ನೇ ನೋಡದೆ ಕೆಳಗಿಟ್ಟವರಿಗೆ ಈ ಎರಡರ ನಡುವಿನ ಗಡಿ ಎಷ್ಟು ತೆಳುವೆಂಬುದು ಗೊತ್ತು. ಲೆಕ್ಕಕ್ಕೆ ಸಿಗದ ಖರ್ಚೆಲ್ಲ ಆಗುವುದು ಈ ಗಡಿ ದಾಟಿದ ಮೇಲೆ.

ಕಣ್ಣಿಗೆ ಕಾಣುವ ಖರ್ಚು

ದುಡ್ಡಿನ ಲೆಕ್ಕ ಮೊದಲು. 28 ದಿನದ ಪ್ಯಾಕು ತಿಂಗಳ ಪ್ಯಾಕಲ್ಲ, ವರ್ಷಕ್ಕೆ 13 ಸಲ ಹಾಕಿಸಬೇಕು. ₹349ರ ಪ್ಯಾಕಾದರೆ ಒಬ್ಬರಿಗೆ ವರ್ಷಕ್ಕೆ ₹4,537, ನಾಲ್ಕು ಫೋನಿರುವ ಮನೆಗೆ ₹18,148. ₹15,000 ಕೊಟ್ಟು ಕೊಂಡ ಫೋನು ಮೂರು ವರ್ಷ ಬಾಳಿದರೆ ವರ್ಷಕ್ಕೆ ₹5,000 ಸವೆದಂತೆ, ನಾಲ್ಕಕ್ಕೆ ₹20,000. ಎರಡೂ ಸೇರಿ ₹38,000 ದಾಟುತ್ತದೆ. ಮನೆಯ ಫೈಬರ್ ಬಿಲ್ಲು ಬೇರೆ.

ಇಲ್ಲಿ ಉಳಿಸಲು ಒಂದು ದಾರಿಯಿದೆ, ಅನೇಕರಿಗೆ ಅದು ತಿಳಿದಿಲ್ಲ. ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕನ್ನು ಕಂಪನಿಗಳು ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಅಂಥ ಪ್ಯಾಕಿನ ಅವಧಿ 365 ದಿನದವರೆಗೂ ಇರಬಹುದು. ಕರೆ ಬಿಟ್ಟು ಬೇರೇನೂ ಬಳಸದ ಅಜ್ಜ, ಅಜ್ಜಿಯರ ಸಿಮ್‌ಗೆ ಡೇಟಾ ಪ್ಯಾಕು ಹಾಕಿಸುತ್ತಿರುವ ಮನೆಗಳು ಅಂಗಡಿಯಲ್ಲಿ ಇದನ್ನು ಹೆಸರು ಹಿಡಿದೇ ಕೇಳಬೇಕು.

ದಿನಕ್ಕೆ ಇಂತಿಷ್ಟು ಜಿಬಿ ಎಂಬ ಪ್ಯಾಕಿನಲ್ಲಿ ಇನ್ನೊಂದು ತೊಡಕಿದೆ. ಅಂದಿನ ಡೇಟಾ ಅಂದೇ ರಾತ್ರಿ ತೀರಬೇಕು, ಮಿಕ್ಕದ್ದು ನಾಳೆಗೆ ಬರುವುದಿಲ್ಲ. ರಾತ್ರಿ ಹತ್ತಕ್ಕೆ ಮುಕ್ಕಾಲು ಜಿಬಿ ಉಳಿದಿದ್ದರೆ ಅದು ದಂಡವಾಗುತ್ತದಲ್ಲ ಎಂದು ಮನಸ್ಸು ಹೇಳುತ್ತದೆ. ತಟ್ಟೆಯಲ್ಲಿ ಅನ್ನ ಬಿಡಬಾರದು ಎಂದು ಬೆಳೆದ ನಮಗೆ ಇದು ಸಹಜ. ಆದರೆ ಡೇಟಾ ಅನ್ನವಲ್ಲ. ಅದನ್ನು ಮುಗಿಸಲು ಕೊಡುವ ನಿದ್ದೆ ಅದಕ್ಕಿಂತ ತುಟ್ಟಿ.

ಇನ್ನು ಹೊತ್ತು. ದಿನಕ್ಕೆ 3 ಗಂಟೆ ಎಂದು ಹಿಡಿದರೆ ವರ್ಷಕ್ಕೆ 1,095 ಗಂಟೆ. 8 ಗಂಟೆಯ ಆಳಿನ ಲೆಕ್ಕದಲ್ಲಿ 137 ದಿನ. ಅರ್ಧ ಹೊತ್ತು ನಿಜವಾಗಿ ಉಪಯೋಗಕ್ಕೆ ಬಂತು ಎಂದುಕೊಂಡರೂ 68 ಆಳು ಉಳಿಯುತ್ತದೆ. ಕೊಯ್ಲಿನ ಹೊತ್ತಿಗೆ ಒಂದು ಆಳಿಗಾಗಿ ಊರೂರು ಅಲೆಯುವ ತೋಟದವರಿಗೆ 68 ಆಳು ಎಂದರೆ ಏನೆಂದು ವಿವರಿಸಬೇಕಿಲ್ಲ.

ಗಾಳ ಮತ್ತು ಬಾಳೆಲೆ

ಇಷ್ಟೆಲ್ಲ ಗೊತ್ತಿದ್ದೂ ಬಿಡಲಾಗದಿದ್ದಾಗ ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ, ಮಕ್ಕಳಿಗೆ ‘ಮನಸ್ಸು ಗಟ್ಟಿಯಿಲ್ಲ’ ಎನ್ನುತ್ತಾರೆ. ಈ ತೀರ್ಪು ತಪ್ಪು. ಕೆಲಸ ಮಾಡುತ್ತಿರುವುದು ಬೇರೆಯೇ ಎರಡು ತಂತ್ರ, ಎರಡೂ ಬೇಕೆಂದೇ ಕಟ್ಟಿದವು.

ತುಂಗೆಯ ದಡದಲ್ಲಿ ಗಾಳ ಹಾಕಿ ಕೂತವರನ್ನು ನೋಡಿ. ಹತ್ತು ನಿಮಿಷಕ್ಕೊಂದು ಮೀನು ಖಂಡಿತ ಎಂದಿದ್ದರೆ ಹತ್ತು ನಿಮಿಷ ಎದ್ದು ಓಡಾಡಿ ಬರಬಹುದಿತ್ತು. ಮೀನೇ ಇಲ್ಲ ಎಂದಿದ್ದರೆ ಮನೆಗೆ ಹೋಗಬಹುದಿತ್ತು. ಯಾವಾಗ ಕಚ್ಚುತ್ತದೋ ಗೊತ್ತಿಲ್ಲ, ಆದರೆ ಕಚ್ಚುತ್ತದೆ; ಕೂರಿಸುವುದು ಇದೇ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲಿ ಪಾರಿವಾಳಗಳ ಮೇಲೆ ತೋರಿಸಿದ್ದು ಇದನ್ನೇ. ಎಷ್ಟನೆಯ ಕುಕ್ಕಿಗೆ ಕಾಳು ಬೀಳುತ್ತದೆಂದು ಗೊತ್ತಾಗದ ಪಾರಿವಾಳ ಕುಕ್ಕುವುದನ್ನು ಸುಲಭಕ್ಕೆ ನಿಲ್ಲಿಸುವುದಿಲ್ಲ. ಬೆರಳಿಂದ ಕೆಳಗೆಳೆದು ಬಿಟ್ಟರೆ ಹೊಸತು ಬರುವ ಪರದೆ, 2009ರಲ್ಲಿ ಫೇಸ್‌ಬುಕ್ ತಂದ ಲೈಕ್ ಗುಂಡಿ, ಹತ್ತು ಸಪ್ಪೆ ರೀಲಿನ ನಡುವೆ ಒಂದು ನಿಜಕ್ಕೂ ನಗಿಸುವ ರೀಲು: ಎಲ್ಲವೂ ಇದೇ ಗಾಳ.

ಎರಡನೆಯದು ಕೊನೆಯನ್ನು ಅಳಿಸಿಹಾಕುವುದು. ನಮ್ಮ ಬಾಳೆಲೆ ಊಟಕ್ಕೆ ಒಂದು ಕೊನೆಯಿದೆ. ಮಜ್ಜಿಗೆ ಬಂತೆಂದರೆ ಊಟ ಮುಗಿಯಿತೆಂದು ಹೊಟ್ಟೆಗೂ ತಿಳಿಯುತ್ತದೆ, ಪಂಕ್ತಿಗೂ ತಿಳಿಯುತ್ತದೆ. ದಿನಪತ್ರಿಕೆಗೆ ಕೊನೆಯ ಪುಟವಿತ್ತು, ರೇಡಿಯೋ ವಾರ್ತೆ ಮುಗಿಯುತ್ತಿತ್ತು. ಕೆಳಗೆ ಸರಿಸಿದಷ್ಟೂ ತುಂಬಿಕೊಳ್ಳುವ ಪುಟದ ವಿನ್ಯಾಸವನ್ನು 2006ರಲ್ಲಿ ಮಾಡಿದ ಏಜಾ ರಾಸ್ಕಿನ್ ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟರು. ರೀಲ್ಸ್, ಶಾರ್ಟ್ಸ್ ನಿಂತಿರುವುದು ಇದೇ ಏರ್ಪಾಟಿನ ಮೇಲೆ. ಮಜ್ಜಿಗೆಯೇ ಬಾರದ ಊಟ ಅದು. ಬಡಿಸುವವರು ನಿಲ್ಲಿಸುವುದಿಲ್ಲ, ಉಣ್ಣುವವರಿಗೆ ಏಳಬೇಕಾದ ಹೊತ್ತು ತಿಳಿಯುವುದಿಲ್ಲ.

ಕಾನೂನು ಇದನ್ನು ಇನ್ನೂ ಮುಟ್ಟಿಲ್ಲ. ಗ್ರಾಹಕರನ್ನು ಜಾಣತನದಿಂದ ಸಿಕ್ಕಿಸುವ 13 ಬಗೆಯ ವಿನ್ಯಾಸಗಳನ್ನು ಪಟ್ಟಿ ಮಾಡಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿತು. ಸುಳ್ಳು ಅವಸರ, ಕದ್ದು ಬುಟ್ಟಿಗೆ ಸೇರಿಸುವ ಸಾಮಾನು, ಬಿಡಿಸಿಕೊಳ್ಳಲಾಗದ ಚಂದಾ ಅದರಲ್ಲಿವೆ. ಕೊನೆಯಿಲ್ಲದ ಪರದೆ ಇಲ್ಲ. ಅದು ಸೇರುವವರೆಗೂ ಮಜ್ಜಿಗೆಯನ್ನು ನಾವೇ ತಂದಿಟ್ಟುಕೊಳ್ಳಬೇಕು.

ತುಂಡಾಗುವ ಕೆಲಸ

ಹೊತ್ತು ಹೋಗುವುದಕ್ಕಿಂತ ಹೊತ್ತು ಚೂರಾಗುವುದು ದೊಡ್ಡ ನಷ್ಟ ಎಂಬುದು ಈ ಲೇಖನದ ಮುಖ್ಯ ವಾದ. ದಿನಕ್ಕೆ 80 ಸಲ ಫೋನು ತೆರೆಯುವವರು, 16 ಗಂಟೆ ಎಚ್ಚರವಿದ್ದರೆ, 12 ನಿಮಿಷಕ್ಕೊಮ್ಮೆ ತೆರೆದಂತೆ. ಪ್ರತಿ ಸಲ ಬರೀ ಒಂದು ನಿಮಿಷವೇ ಇರಬಹುದು. ಆದರೆ ಮಧ್ಯೆ ಉಳಿಯುವ ತುಂಡುಗಳಲ್ಲಿ ಯಾವ ಕೆಲಸ ಹಿಡಿಸುತ್ತದೆ?

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಕಚೇರಿ ಕೆಲಸಗಾರರನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. 2004ರಲ್ಲಿ ಜನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದರು, ಇತ್ತೀಚಿನ ವರ್ಷಗಳಲ್ಲಿ ಅದು 47 ಸೆಕೆಂಡಿಗೆ ಇಳಿದಿದೆ. ಅಡ್ಡಿಯಾದ ಕೆಲಸಕ್ಕೆ ಮರಳಲು ಸುಮಾರು 23 ನಿಮಿಷ ಹಿಡಿಯುತ್ತದೆಂಬುದೂ ಅವರದೇ ಅಳತೆ. ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ಇದರ ಒಳಗಿನ ಕಾರಣ ತೋರಿಸಿದರು. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಗಮನದ ಒಂದಂಶ ಹಿಂದಿನದರಲ್ಲೇ ಅಂಟಿಕೊಂಡಿರುತ್ತದೆ. ಪಾತ್ರೆ ತೊಳೆಯದೆ ಇನ್ನೊಂದು ಅಡಿಗೆಗೆ ಇಟ್ಟಂತೆ.

ಕಚೇರಿಯ ಮಾತು ತೋಟಕ್ಕೇಕೆ ಎನ್ನುವವರು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣ ಮಾಡುವುದನ್ನು ನೆನೆಯಿರಿ. ಶೇ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ತುತ್ತವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರಿಗೆ ಕರಗಿಸಬೇಕು, ಸುಣ್ಣವನ್ನು ಬೇರೆ 50 ಲೀಟರಿನಲ್ಲಿ ಕದಡಿ ಸೋಸಬೇಕು, ಎರಡನ್ನೂ ಮೂರನೆಯ ಡ್ರಮ್ಮಿಗೆ ಒಟ್ಟಿಗೇ ಸುರಿಯುತ್ತಾ ಕಲಕುತ್ತಿರಬೇಕು. ಆಮೇಲೆ ತುಕ್ಕಿಲ್ಲದ ಕಬ್ಬಿಣದ ಚಾಕು ಅದ್ದಿ ನೋಡಬೇಕು. ಚಾಕಿನ ಮೇಲೆ ತಾಮ್ರದ ಕೆಂಪು ಕೂತರೆ ಹುಳಿಯಂಶ ಉಳಿದಿದೆ ಎಂದರ್ಥ, ಕೆಂಪು ಕೂರದಷ್ಟಾಗುವವರೆಗೆ ಸುಣ್ಣದ ನೀರು ಸೇರಿಸಬೇಕು. ಇದರಲ್ಲಿ ಒಂದೊಂದೇ ಹೆಜ್ಜೆ ನೋಡಿದರೆ ಕಷ್ಟದ್ದಿಲ್ಲ. ಆದರೆ ಕಲಕುವಾಗ ಒಂದು ವಿಡಿಯೋ, ಅಳೆಯುವಾಗ ಒಂದು ಗ್ರೂಪ್ ಮೆಸೇಜು ಬಂದರೆ ಮೊದಲು ಬಿಟ್ಟುಹೋಗುವುದು ಚಾಕಿನ ಪರೀಕ್ಷೆ. ಏಕೆಂದರೆ ಅದನ್ನು ಬಿಟ್ಟರೂ ದ್ರಾವಣ ನೀಲಿಯಾಗಿ ಚೆನ್ನಾಗಿಯೇ ಕಾಣುತ್ತದೆ. ಹುಳಿ ಉಳಿದ ದ್ರಾವಣದಿಂದ ಎಲೆ, ಕಾಯಿ ಸುಟ್ಟ ಮೇಲೆ ದೂರು ತುತ್ತದ ಗುಣಮಟ್ಟದ ಮೇಲೆ ಹೋಗುತ್ತದೆ. ಫೋನಿನ ಹೆಸರು ಎಲ್ಲಿಯೂ ಬರುವುದಿಲ್ಲ. ಮರೆಯಲ್ಲಿರುವ ಖರ್ಚು ಎಂದರೆ ಹೀಗಿರುತ್ತದೆ.

ಓದುವ ಮಕ್ಕಳಿಗೂ ಇದೇ. ಗ್ರಾಮೀಣ ಭಾರತದ 14ರಿಂದ 16 ವರ್ಷದವರಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆಂದು ಮಕ್ಕಳ ಕಲಿಕೆ ಕುರಿತ 2024ರ ಅಸರ್ ಸಮೀಕ್ಷೆ ಹೇಳಿತು. ಅವರಲ್ಲಿ ಹಿಂದಿನ ಒಂದು ವಾರದಲ್ಲಿ ಕಲಿಕೆಗೆ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ಫೋನು ಕೊಡಿಸಿದ್ದು ಓದಿಗೆ ಎಂದು ನಂಬಿರುವ ಹೆತ್ತವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಓದುವಾಗ ಫೋನು ಎಲ್ಲಿರಬೇಕು ಎಂಬ ಪ್ರಶ್ನೆಗೂ ಉತ್ತರವಿದೆ. ಟೆಕ್ಸಾಸಿನ ಸಂಶೋಧಕರು ಸುಮಾರು 800 ಜನರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸೈಲೆಂಟ್ ಮಾಡಿ ಮೇಜಿನ ಮೇಲಿಟ್ಟವರಿಗಿಂತ ಬೇರೆ ಕೋಣೆಯಲ್ಲಿಟ್ಟವರು ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರು. ಬೇರೆಯವರು ಪುನಃ ಮಾಡಿದಾಗ ಎಲ್ಲ ಕಡೆಯೂ ಅದೇ ಫಲ ಬಂದಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಬೇರೆ ಕೋಣೆಯಲ್ಲಿಡಲು ಕಾಸು ಖರ್ಚಿಲ್ಲ. ಶಾಲೆಯ ಹೋಂವರ್ಕ್ ವಾಟ್ಸ್‌ಆ್ಯಪಿನಲ್ಲೇ ಬರುತ್ತದಲ್ಲ ಎನ್ನುವುದು ನ್ಯಾಯವಾದ ತೊಡಕು. ಸಂಜೆ ಒಮ್ಮೆ ಅಪ್ಪನೋ ಅಮ್ಮನೋ ಅದನ್ನು ನೋಡಿ ಮಗುವಿನ ಪುಸ್ತಕಕ್ಕೆ ಕೈಯಲ್ಲೇ ಬರೆಸಿ, ಫೋನನ್ನು ಅದರ ಜಾಗಕ್ಕೆ ಇಡುವುದು ಸಾಕು.

ಮೈಗೆ ಬೀಳುವ ಬಾಕಿ

ನಿದ್ದೆಯ ವಿಷಯದಲ್ಲಿ ಎಲ್ಲರೂ ನೀಲಿ ಬೆಳಕನ್ನು ಬೈಯುತ್ತಾರೆ. ಬೆಳಕಿನ ಪಾತ್ರ ನಿಜ. 2015ರಲ್ಲಿ ಹಾರ್ವರ್ಡ್ ವೈದ್ಯಕೀಯ ತಂಡ ಪ್ರಕಟಿಸಿದ ಪ್ರಯೋಗದಲ್ಲಿ ಮಲಗುವ ಮುನ್ನ ಬೆಳಕಿನ ಪರದೆಯಲ್ಲಿ ಓದಿದವರಿಗೆ ಮೆಲಟೋನಿನ್ ಏರುವುದು ಒಂದೂವರೆ ಗಂಟೆ ತಡವಾಯಿತು, ನಿದ್ದೆ ಹತ್ತಲು ಸುಮಾರು 10 ನಿಮಿಷ ಹೆಚ್ಚು ಹಿಡಿಯಿತು. ಆದರೆ ಅಲ್ಲಿದ್ದವರು 12 ಜನ, ಓದಿದ್ದು ದಿನಕ್ಕೆ 4 ಗಂಟೆ, ಪೂರ್ಣ ಬೆಳಕಿನ ಟ್ಯಾಬ್ಲೆಟ್ಟಿನಲ್ಲಿ. ಮನೆಗಳಲ್ಲಿ ನಿದ್ದೆ ಕದಿಯುತ್ತಿರುವುದು ಬೆಳಕಿಗಿಂತ ಹೆಚ್ಚಾಗಿ ಕೊನೆಯಿಲ್ಲದ ಆ ಪರದೆ. ಹಾಗಾಗಿ ಪರದೆಯನ್ನು ಹಳದಿ ಮಾಡುವ ನೈಟ್ ಮೋಡ್ ಹಾಕಿ ಸಮಾಧಾನಪಟ್ಟುಕೊಂಡರೆ ರಾತ್ರಿ ಒಂದು ಗಂಟೆಗೆ ಮಲಗುವುದು ಒಂದು ಗಂಟೆಗೇ ಇರುತ್ತದೆ.

ಕಣ್ಣಿಗೆ ಎರಡು ತೊಂದರೆ. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಬಹಳ ಕಡಿಮೆಯಾಗುತ್ತದೆ, ಕಣ್ಣು ಒಣಗಿ ಉರಿಯುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸದಿಂದ ಕಣ್ಣಿಗೆ ಸ್ವಲ್ಪ ಆರಾಮ ಸಿಗಬಹುದು. ಮಕ್ಕಳ ಸಮೀಪದೃಷ್ಟಿ ಇದಕ್ಕಿಂತ ಗಂಭೀರ. ಚೀನಾದ ಗುವಾಂಗ್‌ಜೌನಲ್ಲಿ ಶಾಲೆಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಬಯಲಿಗೆ ಬಿಟ್ಟಾಗ ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಶೇ 30ರಷ್ಟು, ಬಿಡದ ಶಾಲೆಗಳಲ್ಲಿ ಶೇ 39ಕ್ಕೂ ಹೆಚ್ಚು. ಕಣ್ಣಿಗೆ ಬೇಕಾದದ್ದು ಹೊರಗಿನ ಬೆಳಕು. ಮಲೆನಾಡಿಗೆ ಇದು ಬಿಸಿ ಮುಟ್ಟಿಸುವ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳು ಒಳಗೇ ಇರುತ್ತಾರೆ, ಹಳೆಯ ಹೆಂಚಿನ ಮನೆಗಳ ಒಳಗೆ ಹಗಲಲ್ಲೂ ಮಬ್ಬು, ಆ ಮಬ್ಬಿನಲ್ಲಿ ಮುಖಕ್ಕೆ ಗೇಣು ದೂರದಲ್ಲಿ ಫೋನು. ಮೋಡ ಕವಿದ ದಿನವೂ ಬಯಲಿನ ಬೆಳಕು ಮನೆಯೊಳಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮಳೆ ಬಿಟ್ಟ ಹೊತ್ತನ್ನು ಕಾದು ಹೊರಗೆ ಕಳಿಸಬೇಕು. ಬಿಡದಿದ್ದರೆ ಜಗಲಿಯಲ್ಲಾದರೂ ಕೂರಿಸಬೇಕು, ಅದು ಬಯಲಿಗೆ ಸಮವಲ್ಲದಿದ್ದರೂ ಒಳಮನೆಗಿಂತ ಮೇಲು.

ರಸ್ತೆಯ ಲೆಕ್ಕ ಚಿಕ್ಕದು, ಆದರೆ ಜೀವದ್ದು. ಗಂಟೆಗೆ 40 ಕಿ.ಮೀ. ವೇಗದ ಬೈಕು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಎರಡು ಸೆಕೆಂಡು ಪರದೆ ನೋಡಿದರೆ 22 ಮೀಟರ್ ಕಣ್ಣುಮುಚ್ಚಿ ಓಡಿಸಿದಂತೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಎದುರಿಗೆ ಬರುವ ಬಸ್ಸು ಅದಕ್ಕಿಂತ ಹತ್ತಿರದಲ್ಲೇ ಕಾಣಿಸಿಕೊಳ್ಳಬಹುದು.

ಜೇಬಿನಿಂದ ಸದ್ದಿಲ್ಲದೆ ಹೋಗುವ ದುಡ್ಡಿನ ಬಗ್ಗೆ ಒಂದು ಮಾತು. ಯುಪಿಐ ಆ್ಯಪಿನಲ್ಲಿ ‘ಆಟೋಪೇ’ ಅಥವಾ ‘ಮ್ಯಾಂಡೇಟ್’ ಎಂಬ ಜಾಗ ತೆರೆದು ನೋಡಿ. ಒಂದು ರೂಪಾಯಿಯ ಟ್ರಯಲ್ ಎಂದು ಒಪ್ಪಿಗೆ ಕೊಟ್ಟ ಆ್ಯಪುಗಳು ಅಲ್ಲಿ ಸಾಲಾಗಿ ಕೂತಿರುತ್ತವೆ. ಆ್ಯಪನ್ನು ಫೋನಿಂದ ತೆಗೆದರೆ ಒಪ್ಪಿಗೆ ರದ್ದಾಗುವುದಿಲ್ಲ, ಅಲ್ಲೇ ಹೋಗಿ ರದ್ದು ಮಾಡಬೇಕು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನ ಕೇಂದ್ರ ಕಾಯ್ದೆ ನಿಷೇಧಿಸಿದೆ. ಈಗಲೂ ಅಂಥದ್ದಕ್ಕೆ ಕರೆಯುವ ಲಿಂಕು ಬಂದರೆ ಅದು ಕಾನೂನಿನ ಹೊರಗಿನದು. ಮೋಸವಾಗಿ ದುಡ್ಡು ಹೋದರೆ ನಾಚಿಕೆಪಟ್ಟು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರಿ ಕೈಗೆ ಸಿಗದಂತಾಗುತ್ತದೆ.

ಕಾಯುವ ಹೊತ್ತು

2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆಯುವವರೆಗೂ ಶರಾವತಿ ಹಿನ್ನೀರಿನ ಆಚೆಯ ತುಮರಿ ಸೀಮೆಯವರು ಲಾಂಚಿಗೆ ಕಾಯಬೇಕಿತ್ತು. ಆ ಕಷ್ಟವನ್ನು ಚೆಂದವೆಂದು ಹೇಳುವುದು ಅನ್ಯಾಯ. ಹೆರಿಗೆಗೆ, ಆಸ್ಪತ್ರೆಗೆ ಹೊರಟವರೂ ಅಲ್ಲೇ ಕಾದಿದ್ದರು. ಆದರೆ ದಡದ ಕಾಯುವಿಕೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಸೊಸೈಟಿಯ ಸಾಲಿನಲ್ಲಿ ಊರಿನ ಸುದ್ದಿ ಹರಿಯುತ್ತಿತ್ತು. ಯಾರ ತೋಟಕ್ಕೆ ಎಲೆಚುಕ್ಕಿ ರೋಗ ಬಂತು, ಯಾರ ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದರು, ಯಾರಿಗೆ ಆಳು ಬೇಕಿದೆ ಎಂಬುದು ತಿಳಿಯುತ್ತಿದ್ದದ್ದು ಹಾಗೆ. ಈಗ ಕಾಯುವ ಪ್ರತಿ ಎರಡು ನಿಮಿಷಕ್ಕೂ ಪರದೆಯಿದೆ. ಪಕ್ಕದಲ್ಲಿ ಕೂತವರ ಮುಖ ನೋಡುವ ಅಗತ್ಯ ಬೀಳುವುದಿಲ್ಲ. ಇದಕ್ಕೆ ಅಂಕಿ ಕೊಡಲಾಗದು, ಆದರೆ ನಷ್ಟಗಳಲ್ಲಿ ಇದನ್ನು ಚಿಕ್ಕದೆಂದು ಬಗೆಯಬಾರದು.

ಮೊದಲ ವಾರ ಏನನ್ನೂ ಬದಲಿಸಬೇಡಿ

ಸರಿಪಡಿಸಲು ಹೊರಟವರು ಮಾಡುವ ಮೊದಲ ತಪ್ಪು ಒಂದೇ ದಿನ ಎಲ್ಲ ಆ್ಯಪು ಅಳಿಸುವುದು. ನಾಲ್ಕನೆಯ ದಿನ ಅವೆಲ್ಲ ವಾಪಸು ಬರುತ್ತವೆ, ಜೊತೆಗೆ ‘ನನ್ನಿಂದಾಗದು’ ಎಂಬ ಭಾವವೂ. ಮೊದಲು ಅಳೆಯಬೇಕು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’, ಐಫೋನಿನಲ್ಲಿ ‘ಸ್ಕ್ರೀನ್ ಟೈಮ್’ ಇದೆ. ಎರಡೂ 2018ರಿಂದ ಬಂದವು. ಏಳು ದಿನ, ರಾತ್ರಿ ಮಲಗುವ ಮುನ್ನ, ಕ್ಯಾಲೆಂಡರಿನ ಮನೆಯಲ್ಲಿ ಮೂರು ಅಂಕಿ ಬರೆಯಿರಿ: ಒಟ್ಟು ಗಂಟೆ, ಎಷ್ಟು ಸಲ ಅನ್‌ಲಾಕ್, ಎಷ್ಟು ನೋಟಿಫಿಕೇಶನ್. ಗಂಟೆಯ ಅಂಕಿ ಮೋಸ ಮಾಡಬಹುದು. ಮ್ಯಾಪ್ ಹಾಕಿ ಕಾರು ಓಡಿಸಿದ್ದು, ಪರದೆ ಆರಿಸದೆ ಯಕ್ಷಗಾನದ ಪದ ಕೇಳಿದ್ದು ಅದರಲ್ಲೇ ಸೇರುತ್ತದೆ. ಅನ್‌ಲಾಕ್ ಅಂಕಿ ಅಷ್ಟು ಸುಳ್ಳು ಹೇಳುವುದಿಲ್ಲ.

ಎರಡನೆಯ ವಾರ ನೋಟಿಫಿಕೇಶನ್. ಮನುಷ್ಯರು ನೇರವಾಗಿ ಕಳಿಸಿದ್ದು, ಗ್ರೂಪಿನಿಂದ ಬಂದದ್ದು, ಯಂತ್ರ ಕಳಿಸಿದ್ದು ಎಂದು ಮೂರು ಪಾಲು ಮಾಡಿ. ಯಂತ್ರದ ಪಾಲನ್ನು ಪೂರ್ತಿ ಮುಚ್ಚಬೇಕು, ಎರಡು ಬಿಟ್ಟು. ಬ್ಯಾಂಕಿನ ಎಸ್‌ಎಂಎಸ್ ಇರಲಿ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ರೂಪಿಸಿದ ಸಿಡಿಲಿನ ಎಚ್ಚರಿಕೆಯ ‘ದಾಮಿನಿ’ ಆ್ಯಪು ಹಾಕಿಕೊಂಡಿದ್ದರೆ ಅದನ್ನು ಖಂಡಿತ ಮುಚ್ಚಬಾರದು. ಮುಂಗಾರಿನ ಮೊದಲಿನ ಗುಡುಗಿನ ದಿನಗಳಲ್ಲಿ ಬಯಲಲ್ಲಿ, ತೋಟದಲ್ಲಿ ಇರುವವರಿಗೆ ಫೋನು ಕರೆಯಲೇಬೇಕಾದ ಸಂದರ್ಭ ಅದು. ಗ್ರೂಪುಗಳನ್ನು ‘ಆಲ್ವೇಸ್’ ಎಂದು ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿ. ಗ್ರೂಪು ಬಿಟ್ಟರೆ ಊರವರು ಬೇಸರಪಡುತ್ತಾರೆ, ಮ್ಯೂಟ್ ಮಾಡಿದ್ದು ಯಾರಿಗೂ ತಿಳಿಯುವುದಿಲ್ಲ. ವಾಟ್ಸ್‌ಆ್ಯಪಿನ ‘ಸ್ಟೋರೇಜ್ ಆ್ಯಂಡ್ ಡೇಟಾ’ದಲ್ಲಿ ಫೋಟೋ, ವಿಡಿಯೋ ತಾನಾಗಿ ಇಳಿಯುವುದನ್ನೂ ನಿಲ್ಲಿಸಿ.

ಧಾರಣೆ ನೋಡುವ ಚಟಕ್ಕೆ ಒಂದು ಸರಳ ಸತ್ಯ ನೆನಪಿದ್ದರೆ ಸಾಕು. ಮಾರುಕಟ್ಟೆಯಲ್ಲಿ ಟೆಂಡರ್ ದಿನಕ್ಕೊಮ್ಮೆ. ಅಡಿಕೆಯ ಬಗೆಗಳಾದ ರಾಶಿಗೆ ಎಷ್ಟು, ಬೆಟ್ಟೆಗೆ ಎಷ್ಟು ಎಂಬುದು ಅಂದಿನ ಮಟ್ಟಿಗೆ ಒಂದೇ ಸಲ ನಿಶ್ಚಯವಾಗುತ್ತದೆ. ಬೆಳಗಿನಿಂದ ಹತ್ತು ಸಲ ನೋಡಿದರೂ ಸಿಗುವುದು ನಿನ್ನೆಯ ಧಾರಣೆ ಮತ್ತು ಇಂದಿನ ಗಾಳಿಸುದ್ದಿ. ಸಂಜೆ ಒಮ್ಮೆ ನೋಡಿ ಬರೆದಿಟ್ಟುಕೊಂಡರೆ ತಿಂಗಳ ಏರಿಳಿತವೂ ಕಣ್ಣಿಗೆ ಕಟ್ಟುತ್ತದೆ, ಮಾರುವ ತೀರ್ಮಾನಕ್ಕೆ ಬೇಕಾದದ್ದೂ ಅದೇ.

ಯೂಟ್ಯೂಬಿಗೆ ಮಜ್ಜಿಗೆ ತರುವ ಒಂದು ಉಪಾಯವಿದೆ. ಸೆಟ್ಟಿಂಗ್ಸ್‌ನಲ್ಲಿ ವಾಚ್ ಹಿಸ್ಟರಿಯನ್ನು ಅಳಿಸಿ, ಆಮೇಲೆ ಅದನ್ನು ನಿಲ್ಲಿಸಿ. 2023ರಿಂದೀಚೆಗೆ ಹೀಗೆ ಮಾಡಿದವರಿಗೆ ಮುಖಪುಟದಲ್ಲಿ ಶಿಫಾರಸುಗಳು ಬರುವುದಿಲ್ಲ, ಖಾಲಿ ಇರುತ್ತದೆ. ಹುಡುಕಿದರೆ ಬೇಕಾದ ವಿಡಿಯೋ ಸಿಗುತ್ತದೆ, ಬೇಡದ್ದು ಎದುರಿಗೆ ಬಂದು ನಿಲ್ಲುವುದಿಲ್ಲ. ಆಟೋಪ್ಲೇಯನ್ನೂ ಆರಿಸಿ. ಆ್ಯಪ್ ಟೈಮರ್ ಇಟ್ಟರೆ ಅಷ್ಟು ಪ್ರಯೋಜನವಿಲ್ಲ: ಹೊತ್ತು ಮುಗಿದಾಗ ಅದನ್ನು ತೆಗೆದುಹಾಕುವುದೂ ನಮ್ಮ ಬೆರಳೇ. ಪರದೆಯನ್ನು ಕಪ್ಪುಬಿಳುಪು ಮಾಡುವ ಸಲಹೆ ಕೆಲವರಿಗೆ ಒಗ್ಗುತ್ತದೆ. ಆದರೆ ಎಲೆಚುಕ್ಕಿಯೋ ಬೇರೆ ರೋಗವೋ ಎಂದು ಯಾರಾದರೂ ಕಳಿಸಿದ ಎಲೆಯ ಫೋಟೋ ನೋಡಬೇಕಾದವರಿಗೆ ಬಣ್ಣ ಬೇಕೇ ಬೇಕು. ಅಂಥವರು ರಾತ್ರಿಗೆ ಮಾತ್ರ, ಬೆಡ್‌ಟೈಮ್ ಮೋಡಿನಲ್ಲಿ ಇಟ್ಟುಕೊಳ್ಳಲಿ.

ದಿಂಬಿನ ಪಕ್ಕದಿಂದ ಎಬ್ಬಿಸುವುದು

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಬದಲಾವಣೆ ಫೋನು ರಾತ್ರಿ ಮಲಗುವ ಜಾಗದ್ದು. ಎಲ್ಲಕ್ಕಿಂತ ಬೇಗ ಸೋಲುವುದೂ ಇದೇ, ಏಕೆಂದರೆ ಅದು ದಿಂಬಿನ ಪಕ್ಕ ಇರಲು ನ್ಯಾಯವಾದ ಮೂರು ಕಾರಣಗಳಿವೆ: ಅಲಾರಾಂ, ಟಾರ್ಚು, ರಾತ್ರಿಯ ತುರ್ತು ಕರೆ. ಮೂರಕ್ಕೂ ಬದಲಿ ಕೊಡದೆ ಬರೀ ಸಂಕಲ್ಪ ಮಾಡಿದರೆ ಮೊದಲ ಗಾಳಿಮಳೆಗೆ ಕರೆಂಟು ಹೋದ ರಾತ್ರಿಯೇ ಫೋನು ಹಾಸಿಗೆಗೆ ಮರಳುತ್ತದೆ.

ಒಂದು ಬ್ಯಾಟರಿ ಅಲಾರಾಂ ಗಡಿಯಾರ ಮತ್ತು ಒಂದು ಚಾರ್ಜಿಂಗ್ ಟಾರ್ಚು ತನ್ನಿ. ಟಾರ್ಚಿನ ಜಾಗ ಗೊತ್ತುಮಾಡಿ ಮೊಳೆಗೆ ನೇತುಹಾಕಿ, ಕತ್ತಲಲ್ಲಿ ಕೈಗೆ ಸಿಗಬೇಕು. ಕರೆಗೆ, ಫೋನನ್ನು ಪಡಸಾಲೆಯಲ್ಲಿ ಚಾರ್ಜಿಗಿಟ್ಟು ರಿಂಗಿನ ಸದ್ದು ಪೂರ್ತಿ ಏರಿಸಿ. ‘ಡು ನಾಟ್ ಡಿಸ್ಟರ್ಬ್’ ಹಾಕಿ, ಅದರೊಳಗೆ ಸ್ಟಾರ್ ಗುರುತಿನ ಸಂಪರ್ಕಗಳಿಗೆ ಮತ್ತು ‘ರಿಪೀಟ್ ಕಾಲರ್ಸ್’ಗೆ ಅವಕಾಶ ಕೊಡಿ. ಆಗ ಮನೆಯವರ ಕರೆ ಬರುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ, ಬೇರೆ ಯಾರೇ ಆದರೂ 15 ನಿಮಿಷದೊಳಗೆ ಎರಡನೆಯ ಸಲ ಮಾಡಿದರೆ ಅದೂ ಬರುತ್ತದೆ. ಉಳಿದ ಗಲಾಟೆ ಬೆಳಗಿನವರೆಗೆ ಬಾಯಿ ತೆರೆಯುವುದಿಲ್ಲ.

ಮನೆಯ ವೈಫೈಯನ್ನು ರಾತ್ರಿ ಆರಿಸಿಬಿಡಿ ಎಂಬ ಸಲಹೆ ಪಟ್ಟಣದಲ್ಲಿ ಸರಿ. ಮಲೆನಾಡಿನ ಅನೇಕ ಮನೆಗಳಲ್ಲಿ ಟವರಿನ ಸಿಗ್ನಲ್ ಇಲ್ಲ, ಮೊಬೈಲ್ ಕರೆ ನಡೆಯುವುದೇ ವೈಫೈ ಮೂಲಕ. ಅಲ್ಲಿ ರೂಟರ್ ಆರಿಸಿದರೆ ಮನೆಗೆ ಇಡೀ ರಾತ್ರಿ ಕರೆಯೇ ಬರುವುದಿಲ್ಲ. ದಾರಿ ಎರಡಿವೆ. ಫೈಬರ್ ಜೊತೆ ಲ್ಯಾಂಡ್‌ಲೈನ್ ಸಂಖ್ಯೆಯಿದ್ದರೆ ಪೆಟ್ಟಿಗೆಯನ್ನು ಆರಿಸದೆ ವೈಫೈ ಮಾತ್ರ ಆರಿಸಿ. ಅನೇಕ ಪೆಟ್ಟಿಗೆಗಳಲ್ಲಿ ಅದಕ್ಕೆ ಪ್ರತ್ಯೇಕ ಗುಂಡಿ ಇರುತ್ತದೆ, ಲ್ಯಾಂಡ್‌ಲೈನ್ ಕೆಲಸ ಮಾಡುತ್ತಿರುತ್ತದೆ. ಲ್ಯಾಂಡ್‌ಲೈನ್ ಇಲ್ಲದಿದ್ದರೆ ರೂಟರಿನ ಪೇರೆಂಟಲ್ ಕಂಟ್ರೋಲಿನಲ್ಲಿ ಟಿವಿ ಮತ್ತು ಮಕ್ಕಳ ಫೋನಿಗೆ ಮಾತ್ರ ರಾತ್ರಿ 9.30ರಿಂದ ಬೆಳಗಿನ 6ರವರೆಗೆ ತಡೆ ಹಾಕಿ, ಹಿರಿಯರ ಒಂದು ಫೋನನ್ನು ಬಿಟ್ಟುಬಿಡಿ. ಕರೆಂಟು ಹೋದಾಗ ಪೆಟ್ಟಿಗೆಯೂ ಆರುತ್ತದೆ. ಅದಕ್ಕೆಂದೇ ಸಿಗುವ ಚಿಕ್ಕ 12 ವೋಲ್ಟಿನ ಯುಪಿಎಸ್ ಹಾಕಿಕೊಂಡರೆ ಈ ಭಯವೂ ಹೋಗುತ್ತದೆ. ಕೊಳ್ಳುವ ಮುನ್ನ ಅಡಾಪ್ಟರಿನ ಮೇಲಿರುವ ವೋಲ್ಟ್ ಮತ್ತು ಆಂಪಿಯರ್ ಅಂಕಿ ನೋಡಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಊಟ, ನಿದ್ದೆ, ಶಾಲೆ ಬಿಟ್ಟು ಫೋನಿಗೇ ಅಂಟಿದ್ದರೆ, ತೆಗೆದುಕೊಂಡರೆ ಮಗು ಕೈಮೀರಿ ಕೆರಳಿದರೆ ಅದು ಶಿಸ್ತಿನ ಸಮಸ್ಯೆಯನ್ನು ದಾಟಿದೆ. ಡಿಜಿಟಲ್ ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿ 2022ರಿಂದ ಅದು ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಅಷ್ಟು ದೂರ ಹೋಗುವ ಮುನ್ನ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು. ಬೈದು, ಹೊಡೆದು, ಫೋನು ಒಡೆದು ಸರಿಹೋದದ್ದಿಲ್ಲ.

ಒಬ್ಬರೇ ಬಿಡುವುದು ಏಕೆ ಕಷ್ಟ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ 2022ರಲ್ಲಿ ಒಂದು ನಿಯಮ ಮಾಡಿತು. ಸಂಜೆ ಏಳಕ್ಕೆ ಸೈರನ್ ಕೂಗುತ್ತದೆ, ಒಂದೂವರೆ ಗಂಟೆ ಊರಿನ ಟಿವಿ, ಫೋನು ಎಲ್ಲ ಬಂದ್. ಇದು ನಡೆದದ್ದು ಆ ಊರಿನವರ ಮನಸ್ಸು ಹೆಚ್ಚು ಗಟ್ಟಿ ಎಂದಲ್ಲ. ಒಬ್ಬ ಹುಡುಗ ಮಾತ್ರ ಬಿಟ್ಟರೆ ಗೆಳೆಯರ ಮಾತಿಂದ ಅವನು ಹೊರಗಾಗುತ್ತಾನೆ. ಎಲ್ಲರೂ ಒಟ್ಟಿಗೆ ಬಿಟ್ಟರೆ ತಪ್ಪಿಸಿಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ಬಿಡುವ ಕಷ್ಟ ಹಂಚಿಹೋಗುತ್ತದೆ.

ನಮ್ಮಲ್ಲಿ ಮನೆಗಳು ಗುಡ್ಡಕ್ಕೊಂದು, ಕಣಿವೆಗೊಂದು. ಸೈರನ್ ಕೂಗಿದರೂ ಕೇಳುವುದಿಲ್ಲ. ಆದರೆ ಸೈರನ್ನಿಗಿಂತ ಹಳೆಯ ಏರ್ಪಾಟೊಂದು ಇಲ್ಲಿತ್ತು: ಮುಯ್ಯಾಳು. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಅಡಿಕೆ ಸುಲಿಯುವ ರಾತ್ರಿಗಳು ಹಾಗೆ ನಡೆಯುತ್ತಿದ್ದವು. ಸುಲಿಯುವ ಯಂತ್ರ ಬಂದ ಮೇಲೆ ಅದು ಕಡಿಮೆಯಾಗಿದೆ, ಆದರೆ ಕೈಯಲ್ಲಿ ಸುಲಿಯುವ ಮನೆಗಳು ಇನ್ನೂ ಇವೆ. ಮೆಟ್ಟುಗತ್ತಿಯ ಮುಂದೆ ಕೂತವರ ಕಣ್ಣು ಪರದೆಗೆ ಹೋಗುವಂತಿಲ್ಲ, ಹೋದರೆ ಬೆರಳು ಹೋಗುತ್ತದೆ. ಕಿವಿ ಮಾತ್ರ ಖಾಲಿ. ಅದಕ್ಕೆ ತಾಳಮದ್ದಲೆ ಕೇಳಿಸುವ ಒಂದೇ ಸ್ಪೀಕರು ಎಲ್ಲರಿಗೂ ಆಗುತ್ತದೆ. ಒಬ್ಬೊಬ್ಬರ ಕಿವಿಗೆ ಒಂದೊಂದು ಇಯರ್‌ಫೋನು ಬಂದ ದಿನ ಮಾತು ನಿಲ್ಲುತ್ತದೆ.

ನಾಲ್ಕು ಮನೆಯವರು ಸೇರಿ ಈ ಸುಗ್ಗಿಗೆ ಹೀಗೊಂದು ಒಪ್ಪಂದ ಮಾಡಿಕೊಳ್ಳಬಹುದು. ಸುಲಿಯಲು ಕೂರುವ ಮುನ್ನ ಎಲ್ಲರ ಫೋನೂ ಜಗಲಿಯ ಮೇಲಿನ ಒಂದು ಮೊರದಲ್ಲಿ, ರಿಂಗ್ ಜೋರಾಗಿ. ಮೊದಲ ಬಾರಿಗೆ ಎರಡು ಗಂಟೆ ಸಾಕು. ಕರೆ ಬಂದರೆ ಬಾಗಿಲ ಹತ್ತಿರ ಕೂತವರು ಎದ್ದು ಹೆಸರು ನೋಡಿ ಯಾರದೆಂದು ಕೂಗಲಿ. ಮಕ್ಕಳ ಫೋನೂ ಅದೇ ಮೊರಕ್ಕೆ, ಮನೆಯ ಯಜಮಾನರದ್ದು ಎಲ್ಲರಿಗಿಂತ ಮೊದಲು.